ಎಸ್‌ವಿಟಿಗೆ ಮೊದಲು ಕಾಲು ಎತ್ತಿ, ಆಮೇಲೆ ಸೂಜಿ: ನನ್ನ ಅನುಭವ

ಸಿರಿಂಜ್ ಊದಿಸಿ, ಮಲಗಿಸಿ, ಕಾಲು ಎತ್ತಿದರೆ ಎಸ್‌ವಿಟಿ (ಹೃದಯ ಇದ್ದಕ್ಕಿದ್ದಂತೆ ವಿಪರೀತ ವೇಗವಾಗಿ ಓಡುವ ತೊಂದರೆ) ನಿಲ್ಲುತ್ತದೆ ಅಂದಾಗ ನಮ್ಮ ಎಮರ್ಜೆನ್ಸಿಯಲ್ಲಿ ಯಾರೂ ನಂಬಲಿಲ್ಲ. ಸೀನಿಯರ್ ಒಬ್ಬರು, "ವಾಲ್ಸಾಲ್ವಾ ಅಂದ್ರೆ ಅಡೆನೊಸಿನ್ ಲೋಡ್ ಮಾಡೋವರೆಗೆ ಟೈಮ್‌ಪಾಸ್" ಅಂತ ಎಲ್ಲರ ಎದುರೇ ಹೇಳಿದ್ದರು. ವಾಲ್ಸಾಲ್ವಾ ಅಂದರೆ ಹೀಗೆ ಉಸಿರು ಬಿಗಿಹಿಡಿದು ಮುಕ್ಕುವುದು, ಅಡೆನೊಸಿನ್ ಅಂದರೆ ಈ ಓಟ ನಿಲ್ಲಿಸಲು ಕೊಡುವ ಇಂಜೆಕ್ಷನ್. ಈಗ ಅದೇ ಯೂನಿಟ್‌ನಲ್ಲಿ ಇಸಿಜಿಯಲ್ಲಿ ಅಲೆ ನ್ಯಾರೋ (ಕಿರಿದು), ಬಡಿತ ರೆಗ್ಯುಲರ್ ಅಂತ ಖಾತ್ರಿಯಾದ ಕೂಡಲೇ ಸಿಸ್ಟರ್‌ಗಳು ಟ್ರಾಲಿಯ ತಲೆಭಾಗ ಎತ್ತಿ, ಸಿರಿಂಜ್ ತೆಗೆದು ಇಡುತ್ತಾರೆ. ಹತ್ತಿರ ಹತ್ತಿರ ಅರ್ಧದಷ್ಟು ರೋಗಿಗಳಿಗೆ ಅಡೆನೊಸಿನ್ ಬೇಕಾಗುತ್ತಲೇ ಇಲ್ಲ. ಇದು ಸುಲಭವಾಗಿ ಬಂದ ಫಲ ಅಲ್ಲ. ಎಲ್ಲೆಲ್ಲಿ ಕೆಟ್ಟಿತು, ಎಷ್ಟು ಉಳಿಯಿತು ಅಂತ ನೆನಪಿದ್ದಷ್ಟು ಬರೆಯುತ್ತೇನೆ.

ಮೂಲ ಅಧ್ಯಯನ ನಿಮಗೆಲ್ಲ ಗೊತ್ತಿರುವುದೇ. 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ರಿವರ್ಟ್ ಟ್ರಯಲ್. ಇಂಗ್ಲೆಂಡಿನ 10 ಎಮರ್ಜೆನ್ಸಿ ವಿಭಾಗಗಳು, 428 ರೋಗಿಗಳು. ಅರ್ಧ ಒರಗಿದಂತೆ ಕೂರಿಸಿ ಊದಿಸಿ, ಹಾಗೇ ಬಿಟ್ಟ ಗುಂಪಿನಲ್ಲಿ ಒಂದು ನಿಮಿಷಕ್ಕೆ ಸೈನಸ್‌ಗೆ (ಸಹಜ ಬಡಿತಕ್ಕೆ) ಬಂದವರು 17%. ಊದಿ ಮುಗಿದ ತಕ್ಷಣ ಮಲಗಿಸಿ ಕಾಲು ಎತ್ತಿದ ಗುಂಪಿನಲ್ಲಿ 43%. ಅಡೆನೊಸಿನ್ ಬೇಕಾದವರು 69%ರಿಂದ 50%ಗೆ ಇಳಿದರು. ಗಂಭೀರ ಅಡ್ಡಪರಿಣಾಮ ಆಗಲಿಲ್ಲ. 2019ರ ಯುರೋಪಿಯನ್ ಗೈಡ್‌ಲೈನ್ ಕೂಡ ಮಲಗಿಸಿ ಕಾಲು ಎತ್ತಿ ಮಾಡುವುದೇ ಒಳ್ಳೆಯದು ಅಂತ ಬರೆದಿದೆ. ಇಷ್ಟಿದ್ದರೂ "ಅಲ್ಲಿ ಆಗುತ್ತೆ, ಇಲ್ಲಿ ಆಗಲ್ಲ" ಅನ್ನುವವರೇ ಜಾಸ್ತಿ. ಅವರ ಅನುಮಾನಕ್ಕೆ ಕಾರಣವೂ ಇತ್ತು. ರೋಗಿಗೆ ಸುಮ್ನೆ "ಉಸಿರು ಹಿಡಿದು ಮುಕ್ಕಿ" ಅಂತ ಹೇಳಿ ಮಾನಿಟರ್ ನೋಡುತ್ತಾ ನಿಂತರೆ ಹತ್ತರಲ್ಲಿ ಒಬ್ಬರಿಗೆ ನಿಂತರೂ ಹೆಚ್ಚು. ಅದನ್ನೇ ನೋಡಿ ಬೆಳೆದವರು ಇದನ್ನು ನಂಬುವುದು ಹೇಗೆ?

ನಾವು ಶುರು ಮಾಡಿದಾಗ ಫಲಿತಾಂಶ ಆ ಹಳೆಯದಕ್ಕಿಂತ ಏನೂ ಮೇಲಿರಲಿಲ್ಲ. ಪೇಪರ್‌ನಲ್ಲಿ ಇದ್ದ ಹಾಗೇ ಮಾಡುತ್ತಿದ್ದೇವೆ ಅಂತ ಎಲ್ಲರೂ ಅಂದುಕೊಂಡಿದ್ದರು. 45 ಡಿಗ್ರಿ ಒರಗಿಸುವುದು, 15 ಸೆಕೆಂಡ್ ಊದಿಸುವುದು, ಮಲಗಿಸುವುದು, ಕಾಲು ಎತ್ತಿ 15 ಸೆಕೆಂಡ್ ಹಿಡಿಯುವುದು. ಎಲ್ಲ ಇತ್ತು. ಆದರೂ ರಿದಮ್ ಕದಲುತ್ತಿರಲಿಲ್ಲ. ಕೊನೆಗೆ ಒಬ್ಬ ಜೂನಿಯರ್ ಕೈಗೆ ಸ್ಟಾಪ್‌ವಾಚ್ ಕೊಟ್ಟು, ಊದುವುದು ನಿಂತ ಕ್ಷಣದಿಂದ ಕಾಲು ಮೇಲೆ ಬರುವವರೆಗೆ ಎಷ್ಟು ಹೊತ್ತು ಅಂತ ಅಳೆಯಲು ಹೇಳಿದೆ. ಎಂಟು ಸೆಕೆಂಡ್, ಹತ್ತು ಸೆಕೆಂಡ್, ಕೆಲವೊಮ್ಮೆ ಅದಕ್ಕಿಂತಲೂ ಜಾಸ್ತಿ. ಅಲ್ಲೇ ಗುಟ್ಟು ಸಿಕ್ಕಿತು.

ನಮ್ಮ ಟ್ರಾಲಿಗಳ ತಲೆಭಾಗ ಹ್ಯಾಂಡಲ್ ತಿರುಗಿಸಿ ಇಳಿಸುವಂಥವು. ತಿರುಗಿಸುತ್ತಾ ಕೂತರೆ ಮುಗಿಯಿತು. ಊದುವುದನ್ನು ಬಿಟ್ಟ ಕೂಡಲೇ ಎದೆಗೆ ರಕ್ತ ನುಗ್ಗಿ ಬಿಪಿ ಏರುವ ಗಳಿಗೆ ಇದೆಯಲ್ಲ, ಆ ಗಳಿಗೆಯಲ್ಲಿ ಕಾಲು ಮೇಲಿರಬೇಕು. ಅದು ತಪ್ಪಿದರೆ ಎಷ್ಟು ಚೆನ್ನಾಗಿ ಊದಿಸಿದ್ದರೂ ಪ್ರಯೋಜನ ಇಲ್ಲ. ಆಮೇಲೆ ಹ್ಯಾಂಡಲ್ ಬಿಟ್ಟೆವು. ಗ್ಯಾಸ್ ಸ್ಪ್ರಿಂಗ್ ಇರುವ, ಲಿವರ್ ಒತ್ತಿದರೆ ಸರ್ರನೆ ಇಳಿಯುವ ಟ್ರಾಲಿ ಒಂದೇ ಇತ್ತು, ಅದನ್ನು ಇದಕ್ಕೇ ಮೀಸಲಿಟ್ಟೆವು. ಅದು ಖಾಲಿ ಇಲ್ಲದಿದ್ದರೆ ಟ್ರಾಲಿಯನ್ನು ಮೊದಲೇ ಚಪ್ಪಟೆ ಮಾಡಿ, ರೋಗಿಯ ಬೆನ್ನಿಗೆ ಒಬ್ಬರು ಕೈ ಕೊಟ್ಟು ಒರಗಿಸಿಕೊಂಡು ಊದಿಸುವುದು. ಸಮಯ ಬಂದಾಗ ಹಾಗೇ ಹಿಂದಕ್ಕೆ ಇಳಿಸುವುದು. ಇನ್ನೊಬ್ಬರು ಊದುವ ಮೊದಲೇ ಎರಡೂ ಹಿಮ್ಮಡಿ ಹಿಡಿದು ನಿಂತಿರಬೇಕು. ಬಿಟ್ಟ ಮೇಲೆ ಹಿಡಿಯಲು ಹೋಗಬಾರದು. ಎರಡು ಸೆಕೆಂಡ್ ಒಳಗೆ ಎಲ್ಲ ಆಗಬೇಕು ಅಂತ ನಿಯಮ ಮಾಡಿದೆ. ಅಲ್ಲಿಂದ ನಮ್ಮ ಅಂಕಿ ಏರಿತು. ಈಗ ಟ್ರಯಲ್‌ನ 43%ಗಿಂತ ನಾವು ಸ್ವಲ್ಪ ಮೇಲೇ ಇದ್ದೇವೆ ಅಂತ ಧೈರ್ಯವಾಗಿ ಹೇಳುತ್ತೇನೆ.

ಮುಖ್ಯವಾದ ಇನ್ನೊಂದು ಮಾತು: ತಾಲೀಮು. ರೋಗಿ ಭಯದಲ್ಲಿ ಇರುತ್ತಾರೆ, ಎದೆ ಹೊಡೆದುಕೊಳ್ಳುತ್ತಿರುತ್ತದೆ. ಇದ್ದಕ್ಕಿದ್ದಂತೆ ಹಿಂದಕ್ಕೆ ಬೀಳಿಸಿ ಕಾಲು ಎತ್ತಿದರೆ ಕೈಯಾಡಿಸಿ ಏಳಲು ನೋಡುತ್ತಾರೆ. ಆದ್ದರಿಂದ ಊದಿಸದೆ ಒಮ್ಮೆ ಮಲಗಿಸಿ, ಕಾಲು ಎತ್ತಿ ತೋರಿಸಿ. "ಹೀಗೆ ಮಾಡ್ತೀವಿ, ಬೀಳಲ್ಲ" ಅಂತ ಹೇಳಿ. ಇದಕ್ಕೆ ಅರ್ಧ ನಿಮಿಷ ಸಾಕು. ಆ 15 ಸೆಕೆಂಡ್ ರೋಗಿ ಊದುವುದನ್ನು ಬಿಡದಂತೆ ನಾನು ಹೇಳುವ ಮಾತು ಬೇರೆಯೇ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಜತೆ ಶಿಫ್ಟ್ ಮಾಡಿದವರಿಗೆ ಗೊತ್ತು, ಬೇಕಾದವರು ಬಂದು ನೋಡಲಿ.

ಇನ್ನು ಸಿರಿಂಜ್. 10 ಮಿ.ಲೀ. ಸಿರಿಂಜ್‌ನ ತುದಿಗೆ ಬಾಯಿಟ್ಟು ಪ್ಲಂಜರ್ ಕದಲುವಷ್ಟು ಊದಿದರೆ ಸುಮಾರು 40 ಮಿ.ಮೀ. ಪಾದರಸದ ಒತ್ತಡ ಬರುತ್ತದೆ ಅನ್ನುವುದು ಹಳೆಯ ಲೆಕ್ಕ. ಲೆಕ್ಕ ಸರಿ. ಆದರೆ ಎಲ್ಲ ಸಿರಿಂಜ್ ಒಂದೇ ಥರ ಇಲ್ಲ. ಶುರುವಿನಲ್ಲಿ ನಾವು ಬಿಪಿ ಗೇಜ್‌ಗೆ ಟ್ಯೂಬ್ ಹಾಕಿ, ಮುಳ್ಳು 40ರಲ್ಲಿ ನಿಲ್ಲಿಸಿ ಅಂತ ರೋಗಿಗೆ ತೋರಿಸುತ್ತಿದ್ದೆವು. ನೋಡಲು ಚೆನ್ನಾಗಿತ್ತು. ಆದರೆ ಪ್ರತಿ ರೋಗಿಗೂ ಹೊಸ ಮೌತ್‌ಪೀಸ್ ಬೇಕು, ಟ್ಯೂಬ್ ಬದಲಿಸಬೇಕು, ಜತೆಗೆ ಗೇಜ್ ಯಾವಾಗಲೂ ಬೇರೆ ಯಾವುದೋ ವಾರ್ಡ್‌ನಲ್ಲಿ ಇರುತ್ತಿತ್ತು. ಅದನ್ನು ಕೈಬಿಡುವ ಮುಂಚೆ ಒಂದು ಕೆಲಸ ಮಾಡಿದೆ. ಸ್ಟೋರ್‌ನಲ್ಲಿದ್ದ ಬೇರೆ ಬೇರೆ ಕಂಪನಿಯ ಸಿರಿಂಜ್‌ಗಳನ್ನು ಆ ಗೇಜ್‌ಗೆ ಜೋಡಿಸಿ, ಯಾವುದರ ಪ್ಲಂಜರ್ ಎಷ್ಟಕ್ಕೆ ಕದಲುತ್ತದೆ ಅಂತ ನೋಡಿದೆ. ಒಂದು ತೀರಾ ಸಡಿಲ, 20ರ ಆಸುಪಾಸಿನಲ್ಲೇ ಜಾರಿ ಹೋಗುತ್ತಿತ್ತು. ಇನ್ನೊಂದು ಎಷ್ಟು ಬಿಗಿ ಅಂದರೆ ನನಗೇ ಕದಲಿಸಲು ಆಗಲಿಲ್ಲ. ಪ್ಯಾಕೆಟ್ ಬಿಚ್ಚಿದ ಮೇಲೆ ಒಮ್ಮೆ ಪ್ಲಂಜರ್ ಹಿಂದೆ ಮುಂದೆ ಮಾಡಿದರೆ ಬಿಗಿ ಇರುವವು ದಾರಿಗೆ ಬರುತ್ತವೆ. ಈಗ ಒಂದೇ ಕಂಪನಿಯದ್ದನ್ನು ಎಸ್‌ವಿಟಿ ಡಬ್ಬದಲ್ಲಿ ಇಡುತ್ತೇವೆ. ನಿಮ್ಮ ಸ್ಟೋರ್‌ನದ್ದನ್ನು ನೀವೇ ಅಳೆದುಕೊಳ್ಳಿ.

ಊದುವುದರಲ್ಲೂ ಮೋಸ ಇದೆ. ಕೆಲವರು ಕೆನ್ನೆ ಉಬ್ಬಿಸಿ ಊದುತ್ತಾರೆ, ಪೀಪಿ ಊದಿದ ಹಾಗೆ. ಪ್ಲಂಜರ್ ಕದಲುತ್ತದೆ, ಎದೆಯೊಳಗೆ ಒತ್ತಡ ಏರುವುದಿಲ್ಲ. ಪ್ಲಂಜರ್ ನೋಡುತ್ತಾ ಕೂರಬೇಡಿ, ಕತ್ತು ನೋಡಿ. ಕತ್ತಿನ ಸಿರೆ ಉಬ್ಬಬೇಕು, ಮುಖ ಕೆಂಪಾಗಬೇಕು, ಹೊಟ್ಟೆ ಗಟ್ಟಿಯಾಗಬೇಕು. ಇದು ಕಾಣದಿದ್ದರೆ ನಿಲ್ಲಿಸಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ಮಾಡಿಸಿ. ಟ್ರಯಲ್‌ನಲ್ಲೂ ಎರಡನೇ ಸಲಕ್ಕೆ ಅವಕಾಶ ಇತ್ತು. ನಾನು ಎರಡಕ್ಕೆ ನಿಲ್ಲಿಸುತ್ತೇನೆ. ಮೂರನೆಯದರಲ್ಲಿ ರೋಗಿ ಸುಸ್ತಾಗುತ್ತಾರೆ, ಫಲವೂ ಕಡಿಮೆ.

ಬಿಪಿ ಕುಸಿದವರಿಗೆ ಇದು ಬೇಡ, ನೇರ ಕಾರ್ಡಿಯೋವರ್ಷನ್ (ಕರೆಂಟ್ ಶಾಕ್). ಅಯೋರ್ಟಿಕ್ ಸ್ಟೆನೋಸಿಸ್ (ಹೃದಯದ ಕವಾಟ ಕಿರಿದಾಗಿರುವುದು), ಈಚೆಗೆ ಹಾರ್ಟ್ ಅಟ್ಯಾಕ್ ಆದವರು, ಗ್ಲಾಕೋಮಾ, ರೆಟಿನೋಪತಿ (ಕಣ್ಣಿನ ಒಳಪರದೆಯ ರೋಗ), ಗರ್ಭದ ಕೊನೆಯ ಮೂರು ತಿಂಗಳು, ಇವರನ್ನೂ ಬಿಡಿ. ಮಂಡಿ, ಸೊಂಟ ಎತ್ತಲಾಗದವರಿಗೆ ಕಾಲಿನ ಬದಲು ಟ್ರಾಲಿಯ ತಲೆಭಾಗವನ್ನೇ ಕೆಳಕ್ಕೆ ಬಾಗಿಸಿ ನೋಡಿದ್ದೇವೆ. ಕೆಲವರಿಗೆ ನಿಂತಿದೆ. ಆದರೆ ಕಾಲು ಎತ್ತಿದಷ್ಟು ನಂಬಿಕೆ ನನಗೆ ಬಂದಿಲ್ಲ.

ಫೇಲ್ ಆದವರ ಪಟ್ಟಿಯನ್ನು ಕೂತು ನೋಡಿದಾಗ ಒಂದು ವಿಷಯ ಹೊಳೆಯಿತು. ಅವರಲ್ಲಿ ಕೆಲವರದ್ದು ಎಸ್‌ವಿಟಿಯೇ ಅಲ್ಲ. ರೇಟ್ 150ಕ್ಕೆ ಅಂಟಿಕೊಂಡ 2:1 ಫ್ಲಟರ್ (ಹೃದಯದ ಮೇಲಿನ ಕೋಣೆ ಎರಡು ಸಲ ಬಡಿದರೆ ಕೆಳಗಿನದು ಒಂದು ಸಲ ಬಡಿಯುವ ಬೇರೆ ಥರದ ಓಟ). ಕಾಲು ಎತ್ತಿದಾಗ ನಾಲ್ಕೈದು ಸೆಕೆಂಡ್ ರೇಟ್ ಇಳಿದು, ಗರಗಸದ ಅಲೆ ಕಂಡು, ಮತ್ತೆ ಮೊದಲಿನಂತೆ ಓಡುತ್ತದೆ. ಇಸಿಜಿ ಪೇಪರ್ ಓಡುತ್ತಿಲ್ಲದಿದ್ದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಊದಿಸುವ ಮೊದಲೇ ಸ್ಟ್ರಿಪ್ ಶುರು ಮಾಡಿ, ಕಾಲು ಇಳಿಸಿ ಒಂದು ನಿಮಿಷದವರೆಗೆ ನಿಲ್ಲಿಸಬೇಡಿ. ರಿದಮ್ ನಿಲ್ಲದಿದ್ದರೂ ರೋಗ ಯಾವುದು ಅಂತ ಗೊತ್ತಾಗುತ್ತದಲ್ಲ, ಅದೇ ಎಷ್ಟೋ ಲಾಭ. ನಿಂತ ಮೇಲೆ 12 ಲೀಡ್ ಇಸಿಜಿ ತೆಗೆದು ಡೆಲ್ಟಾ ವೇವ್ (ಹೃದಯದಲ್ಲಿ ಹೆಚ್ಚುವರಿ ವಿದ್ಯುತ್ ದಾರಿ ಇರುವುದರ ಗುರುತು) ಹುಡುಕುವುದನ್ನೂ ಮರೆಯಬೇಡಿ. ಓಡುತ್ತಿರುವಾಗ ಅಡಗಿದ್ದು ಆಗ ಕಾಣುತ್ತದೆ.

ಈಗ ದುಡ್ಡಿನ ಮಾತು. ಆಡಳಿತದವರು ನನ್ನನ್ನು ಕೇಳಿದ್ದು ಇದೊಂದನ್ನೇ. ಅಡೆನೊಸಿನ್ 6, 12, 12 ಮಿ.ಗ್ರಾಂ. ಅಂತ ಮೂರು ಡೋಸ್ ಕೊಟ್ಟರೆ 6 ಮಿ.ಗ್ರಾಂ. ವಯಲ್ ಐದು ಹೋಗುತ್ತವೆ. ಅದರ ಜತೆ ದೊಡ್ಡ ಕ್ಯಾನುಲಾ, ಫ್ಲಶ್, ತ್ರೀವೇ (ಟ್ಯೂಬ್‌ನ ದಾರಿ ಬದಲಿಸುವ ತಿರುಪು), ಇಬ್ಬರು ಸ್ಟಾಫ್. ಒಂದು ವಯಲ್‌ನ ಬೆಲೆಯಲ್ಲಿ ಎಷ್ಟೋ ಸಿರಿಂಜ್ ಬರುತ್ತವೆ. ತಿಂಗಳ ಅಡೆನೊಸಿನ್ ಇಂಡೆಂಟ್ ನಮ್ಮಲ್ಲಿ ಮೂರನೇ ಒಂದು ಭಾಗದಷ್ಟು ಇಳಿದಿದೆ. ಅದನ್ನು ಕಾಗದದ ಮೇಲೆ ತೋರಿಸಿದ ದಿನ ಎರಡನೇ ಗ್ಯಾಸ್ ಸ್ಪ್ರಿಂಗ್ ಟ್ರಾಲಿಗೆ ಸಹಿ ಬಿತ್ತು. ಆದರೆ "ಬೆಡ್ ಬೇಗ ಖಾಲಿಯಾಗುತ್ತೆ" ಅಂತ ನಾನು ಯಾರಿಗೂ ಮಾತು ಕೊಡಲಿಲ್ಲ. ಟ್ರಯಲ್‌ನಲ್ಲಿ ಎಮರ್ಜೆನ್ಸಿಯಲ್ಲಿ ಕಳೆದ ಸಮಯದಲ್ಲಿ ವ್ಯತ್ಯಾಸ ಬರಲಿಲ್ಲ, ನಮ್ಮಲ್ಲೂ ಬಂದಿಲ್ಲ. ರಿದಮ್ ನಿಂತ ಮೇಲೂ ಬ್ಲಡ್ ರಿಪೋರ್ಟ್‌ಗೆ ಕಾಯುವುದು, ಗಮನಿಸುವುದು ಇದ್ದದ್ದೇ. ಲಾಭ ಇರುವುದು ರೋಗಿಗೆ. ಅಡೆನೊಸಿನ್ ಹೋದಾಗ "ಸತ್ತೇ ಹೋದೆ" ಅಂತ ಕೂಗುವುದನ್ನು ನೀವೆಲ್ಲ ಕೇಳಿದ್ದೀರಿ. ಕೆಲವೇ ಸೆಕೆಂಡ್ ಅಂತ ನಾವು ಹೇಳುತ್ತೇವೆ, ಅನುಭವಿಸಿದವರಿಗೆ ಅದು ಕೆಲವೇ ಸೆಕೆಂಡ್ ಅಲ್ಲ. ಮತ್ತೆ ಎಸ್‌ವಿಟಿ ಬಂದಾಗ ಆ ಭಯಕ್ಕೇ ಆಸ್ಪತ್ರೆಗೆ ಬರಲು ಹಿಂಜರಿಯುವವರನ್ನು ನಾನು ನೋಡಿದ್ದೇನೆ. ನನ್ನನ್ನು ಈ ಕೆಲಸಕ್ಕೆ ಹಚ್ಚಿದ್ದು ಅವರೇ.

ಉಳಿದ ಅರ್ಧಕ್ಕೆ ಸೂಜಿ ಬೇಕೇ ಬೇಕು. ಅಲ್ಲೂ ಸ್ವಲ್ಪ ಕೈಯಾಡಿಸಿದ್ದೇವೆ. ತ್ರೀವೇ ತಿರುಗಿಸುವ ಗಡಿಬಿಡಿಯಲ್ಲಿ ಅಡೆನೊಸಿನ್ ಟ್ಯೂಬ್‌ನಲ್ಲೇ ಉಳಿಯುವುದು ಎಲ್ಲ ಕಡೆ ಆಗುತ್ತದೆ. ಅದರ ಅರ್ಧಾಯು ಹತ್ತು ಸೆಕೆಂಡ್‌ಗಿಂತ ಕಡಿಮೆ, ಅಲ್ಲಿ ನಿಂತರೆ ಹೋಯಿತು. ಈಗ 20 ಮಿ.ಲೀ. ಸಿರಿಂಜ್‌ನಲ್ಲಿ ಸಲೈನ್ ಜತೆ ಬೆರೆಸಿ ಒಂದೇ ತಳ್ಳಿಗೆ ಕೊಡುತ್ತೇವೆ. ನಮಗೆ ಚೆನ್ನಾಗಿ ಹೊಂದಿದೆ. ವಯಲ್ ಫ್ರಿಜ್‌ನಲ್ಲಿ ಇಡಬೇಡಿ, ಹರಳು ಕಟ್ಟುತ್ತದೆ. ಕಾಫಿ ಕುಡಿದು ಬಂದವರಿಗೆ ಮೊದಲ ಡೋಸ್ ಕೈ ಕೊಡುವ ಸಾಧ್ಯತೆ ಜಾಸ್ತಿ, ಥಿಯೋಫಿಲಿನ್ ತೆಗೆದುಕೊಳ್ಳುವವರಿಗೂ ಹಾಗೇ. ಆಸ್ತಮಾ ಇದ್ದು ಹಾರ್ಟ್ ಫೇಲ್ಯೂರ್ ಇಲ್ಲದವರಿಗೆ ನಾನು ಇನ್ನೊಂದು ಔಷಧ, ನಿಧಾನವಾಗಿ ಕೊಡುವ ವೆರಾಪಮಿಲ್‌ಗೆ ಹೋಗುತ್ತೇನೆ. 2009ರಲ್ಲಿ ಸಿಂಗಪುರದವರು ನಿಮಿಷಕ್ಕೆ 1 ಮಿ.ಗ್ರಾಂ. ವೆರಾಪಮಿಲ್ ಅಥವಾ 2.5 ಮಿ.ಗ್ರಾಂ. ಡಿಲ್ಟಿಯಾಜೆಮ್‌ನಂತೆ ಓಡಿಸಿ 98% ಜನರಲ್ಲಿ ನಿಲ್ಲಿಸಿದರು. ಅಡೆನೊಸಿನ್ ಗುಂಪಿನಲ್ಲಿ 86.5%. ಒಮ್ಮೆಲೇ ತಳ್ಳಬಾರದು, ನಿಧಾನವಾಗಿ ಓಡಿಸಬೇಕು, ಅಷ್ಟೇ. ಇಸಿಜಿಯಲ್ಲಿ ಬಡಿತ ಇರ್ರೆಗ್ಯುಲರ್, ಅಲೆ ವೈಡ್ (ಅಗಲ) ಕಂಡರೆ ಇವು ಯಾವುದನ್ನೂ ಮುಟ್ಟಬೇಡಿ.

ಮಕ್ಕಳಲ್ಲಿ ಸಿರಿಂಜ್ ಕಷ್ಟ. ಸ್ವಲ್ಪ ದೊಡ್ಡ ಮಗು ಆದರೆ ಆಟದಂತೆ ಮಾಡಿಸಬಹುದು, ಅಪ್ಪನೋ ಅಮ್ಮನೋ ಕಾಲು ಎತ್ತಿದರೆ ಹೆದರುವುದಿಲ್ಲ. ಹಸುಗೂಸಿಗೆ ಮುಖದ ಮೇಲೆ ಐಸ್ ಚೀಲ, ಮೂಗು ಬಾಯಿ ಮುಚ್ಚದಂತೆ. ಕಣ್ಣು ಒತ್ತುವುದು ಬೇಡವೇ ಬೇಡ.

ಮೂಗಿಗೆ ಸಿಂಪಡಿಸುವ ಎಟ್ರಿಪಮಿಲ್ ಅನ್ನುವ ಔಷಧದ ಬಗ್ಗೆ ಈಗ ತುಂಬಾ ಜನ ಕೇಳುತ್ತಾರೆ. 2023ರ ರ‍್ಯಾಪಿಡ್ ಟ್ರಯಲ್‌ನಲ್ಲಿ ರೋಗಿಗಳೇ ಆಸ್ಪತ್ರೆಯ ಹೊರಗೆ ಬಳಸಿದಾಗ 30 ನಿಮಿಷದೊಳಗೆ 64% ಜನರಲ್ಲಿ ನಿಂತಿತು, ಪ್ಲಸೀಬೋದಲ್ಲಿ (ಔಷಧ ಇಲ್ಲದ ಸಿಂಪಡಣೆ) 31%. ಒಳ್ಳೆಯ ಅಂಕಿಯೇ. ಆದರೆ ಅದು ಎಲ್ಲರ ಕೈಗೆ ಸಿಗುವ ಬೆಲೆಗೆ ಬರುವವರೆಗೆ ಸಿರಿಂಜ್ ಇದೆ, ಕಾಲು ಎತ್ತಲು ಮನೆಯವರು ಇದ್ದಾರೆ. ಪದೇ ಪದೇ ಬರುವ ರೋಗಿಗಳಿಗೆ, ಎಸ್‌ವಿಟಿ ಅಂತ ಖಚಿತವಾಗಿ ಗೊತ್ತಿದ್ದು ಹೃದಯ ಬೇರೆಲ್ಲ ರೀತಿಯಲ್ಲಿ ಚೆನ್ನಾಗಿದ್ದರೆ, ಡಿಸ್ಚಾರ್ಜ್ ಮಾಡುವ ಮೊದಲು ಜತೆಗೆ ಬಂದವರನ್ನೇ ನಿಲ್ಲಿಸಿ ಕಲಿಸಿ ಕಳಿಸುತ್ತೇನೆ. ಎರಡು ಸಲ ಮಾಡಿ ನಿಲ್ಲದಿದ್ದರೆ, ತಲೆ ಸುತ್ತಿದರೆ, ಎದೆ ನೋವು ಬಂದರೆ ತಕ್ಷಣ ಆಸ್ಪತ್ರೆಗೆ ಅಂತ ಬರೆದೂ ಕೊಡುತ್ತೇನೆ. ಅಬ್ಲೇಷನ್‌ಗೆ (ಓಟಕ್ಕೆ ಕಾರಣವಾದ ಜಾಗವನ್ನು ಸುಟ್ಟು ಮತ್ತೆ ಬರದಂತೆ ಮಾಡುವ ಚಿಕಿತ್ಸೆಗೆ) ಕಳಿಸುವ ಚೀಟಿಯನ್ನೂ ಅದರ ಜತೆಗೇ ಕೊಡುತ್ತೇನೆ. ಕಾಲು ಎತ್ತುವುದು ಆ ದಿನದ ಓಟಕ್ಕೆ ಮಾತ್ರ.

ಸದ್ಯ ನೋಡುತ್ತಿರುವುದು ಕಾಲಿನ ಎತ್ತರ. 45 ಡಿಗ್ರಿಗೇ ನಿಲ್ಲಿಸಬೇಕೇ, ಇನ್ನೂ ಮೇಲೆತ್ತಿದರೆ ಜಾಸ್ತಿ ಜನರಿಗೆ ನಿಲ್ಲುತ್ತದೆಯೇ ಅಂತ. ನನ್ನ ಊಹೆ, ಎತ್ತರಕ್ಕಿಂತ ವೇಗವೇ ಮುಖ್ಯ. ರಿಜಿಸ್ಟರ್‌ನಲ್ಲಿ ಎತ್ತರದ ಪಕ್ಕದಲ್ಲೇ ಕಾಲು ಮೇಲೆ ಬರಲು ಹಿಡಿದ ಸೆಕೆಂಡ್ ಬರೆಯಲು ಒಂದು ಕಾಲಂ ಹಾಕಿದ್ದೇನೆ. ನಿಮ್ಮಲ್ಲಿ ಶುರು ಮಾಡುವುದಾದರೆ ಆ ಕಾಲಂ ಮೊದಲ ದಿನದಿಂದಲೇ ಇರಲಿ.