ಬೋರ್ಡ್ ಛಲೋನ ಇತ್ತು

ವಿಜಯಪುರದಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ದ್ರಾಕ್ಷಿ ತೋಟದವರಿಗೆ ಡ್ರಿಪ್ ವಾಲ್ವ್ ತೆರೆದು ಮುಚ್ಚುವ ಟೈಮರ್ ಪೆಟ್ಟಿಗೆಗಳನ್ನೂ ಮಾಡಿಕೊಡುತ್ತೇನೆ. ಒಳಗಿರುವುದು ಕಂಪ್ಯೂಟರಿನಿಂದ ಪ್ರೋಗ್ರಾಮ್ ತುಂಬುವ ಪುಟ್ಟ ಬೋರ್ಡ್, ಅಗ್ಗದ ಆರ್ಡುಯಿನೋ ನ್ಯಾನೋ ನಕಲು. ವಿಂಡೋಸ್ 7 ಇದ್ದ ಹಳೇ ಕಂಪ್ಯೂಟರ್ ತೆಗೆದು, ಹೊಸದಕ್ಕೆ ಉಬುಂಟು 22.04 ಎಂಬ ಲಿನಕ್ಸ್ ಹಾಕಿದ ವಾರವೇ ತಿಕೋಟಾದ ಕಾಕಾ ಒಬ್ಬರು ಪೆಟ್ಟಿಗೆ ಹಿಡಿದು ಬಂದರು. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿದಿತ್ತು, ನೀರಿನ ವೇಳೆ ಬದಲಿಸಬೇಕಿತ್ತು.

"ಕೂಡ್ರಿ ಕಾಕಾ, ಚಹಾ ಬರೂದ್ರಾಗ ಮುಗೀತೈತಿ" ಅಂದೆ.

ಚಹಾ ಬಂತು, ಆರಿತು. ಬೋರ್ಡಿನ ದೀಪ ಹತ್ತುತ್ತಿತ್ತು, ಕಂಪ್ಯೂಟರಿನಲ್ಲಿ ಅದರ ಪೋರ್ಟ್ (ಅದರ ಜೊತೆ ಮಾತಾಡುವ ದಾರಿ) ಮಾತ್ರ ಕಾಣುತ್ತಿರಲಿಲ್ಲ. ಚಾರ್ಜಿಂಗಿಗಷ್ಟೇ ಬರುವ ಕೇಬಲ್ ಇರಬಹುದೆಂದು ಮೂರು ಕೇಬಲ್ ಬದಲಿಸಿದೆ.

"ಬೋರ್ಡ್ ಸುಟ್ಟೈತೇನೋ ತಮ್ಮಾ?"

"ಇಲ್ರಿ, ನನ್ನ ಕಂಪ್ಯೂಟರಿಗೆ ಕಾಣಸವಲ್ದು."

ಟರ್ಮಿನಲ್ ತೆರೆದು ಕರ್ನಲ್ ಲಾಗ್ (ಸಿಸ್ಟಮ್ ಬರೆದಿಡುವ ದಾಖಲೆ) ನೋಡಿದಾಗ ಕಳ್ಳ ಸಿಕ್ಕ. ಬೋರ್ಡನ್ನು ಯುಎಸ್‌ಬಿಗೆ ಜೋಡಿಸುವ ಸಿಎಚ್340 ಚಿಪ್ ಒಮ್ಮೆ ಜೋಡಣೆಯಾಗಿ, ಮರುಗಳಿಗೆಯೇ ಕಡಿದುಹೋಗುತ್ತಿತ್ತು. ಕಡಿಯುತ್ತಿದ್ದದ್ದು ಬಿಆರ್‌ಎಲ್‌ಟಿಟಿವೈ, ಅಂದರೆ ಅಂಧರ ಬ್ರೈಲ್ ಡಿಸ್‌ಪ್ಲೇ ನಡೆಸುವ ಪ್ರೋಗ್ರಾಮ್. ಒಂದು ಬ್ರೈಲ್ ಯಂತ್ರಕ್ಕೂ ಈ ಚಿಪ್ಪಿಗೂ ಯುಎಸ್‌ಬಿ ಗುರುತಿನ ಸಂಖ್ಯೆ ಒಂದೇ: 1ಎ86, 7523. ಹಾಗಾಗಿ ನನ್ನ ನ್ಯಾನೋ ಅದರ ಕಣ್ಣಿಗೆ ಬ್ರೈಲ್ ಯಂತ್ರ! ನನಗೆ ಅದು ಬೇಕಿರಲಿಲ್ಲ, ತೆಗೆದುಹಾಕಿದೆ. ಮನೆಯಲ್ಲಿ ಬ್ರೈಲ್ ಬಳಸುವವರಿದ್ದರೆ ದಯವಿಟ್ಟು ಹಾಗೆ ಮಾಡಬೇಡಿ. ಅದರ ಯುಡೆವ್ ನಿಯಮಗಳಲ್ಲಿ (ಯಾವ ಯಂತ್ರ ಜೋಡಿಸಿದರೆ ಏನು ಮಾಡಬೇಕೆಂದು ಹೇಳುವ ಫೈಲಿನಲ್ಲಿ) ಈ ಸಂಖ್ಯೆಯ ಸಾಲನ್ನಷ್ಟೇ ಕಾಮೆಂಟ್ ಮಾಡಿ ಕೆಲಸ ಮಾಡದಂತೆ ನಿಲ್ಲಿಸಿದರೆ ಸಾಕು.

ಪೋರ್ಟ್ ಬಂತು, ಅನುಮತಿ ಇಲ್ಲ ಎಂದಿತು. ನನ್ನ ಹೆಸರನ್ನು ಪೋರ್ಟ್ ಬಳಸಲು ಅನುಮತಿಯಿರುವ ಡಯಲ್‌ಔಟ್ ಗುಂಪಿಗೆ ಸೇರಿಸಿದೆ. ಲಾಗ್‌ಔಟ್ ಆಗಿ ಮತ್ತೆ ಬರುವುದನ್ನು ಮರೆತು ಅರ್ಧ ತಾಸು ದಂಡ.

ಆಮೇಲೆ ಕಂಪೈಲರ್, ಅಂದರೆ ನಾನು ಬರೆದ ಕೋಡನ್ನು ಬೋರ್ಡಿನ ಭಾಷೆಗೆ ತಿರುಗಿಸುವ ಪ್ರೋಗ್ರಾಮ್. ಹಳೇ ಕಂಪ್ಯೂಟರಿನಲ್ಲಿ ಆರ್ಡುಯಿನೋ ತಂತ್ರಾಂಶ 1.0.5 ಇತ್ತು, ಅದರೊಳಗಿನ ಕಂಪೈಲರ್ ಜಿಸಿಸಿ 4.3. ಎಲ್‌ಸಿಡಿಯ ಮೆನು ಅಕ್ಷರಗಳನ್ನು ನಾನು ಪ್ರೋಗ್ರಾಮ್ ಮೆಮರಿಯಲ್ಲಿ ಇಟ್ಟಿದ್ದೆ, ಆದರೆ ಕಾನ್ಸ್ಟ್ (ಬದಲಾಗದ್ದು) ಎಂದು ಬರೆದಿರಲಿಲ್ಲ. ಹಳೇ ಕಂಪೈಲರ್ ಇದನ್ನು ಸುಮ್ಮನೆ ಒಪ್ಪುತ್ತಿತ್ತು. ಹೊಸದು ಸಾಲು ಸಾಲಾಗಿ ತಪ್ಪು ಎಂದಿತು. ನಿಜ ಹೇಳಬೇಕೆಂದರೆ ತಪ್ಪು ನನ್ನದೇ. ಮೆನುವಿನ ಬಿಡಿ ಪದಸಾಲಿಗೆ (ಸ್ಟ್ರಿಂಗ್) ಒಂದು ಕಾನ್ಸ್ಟ್ ಸಾಕು. ಅವುಗಳ ವಿಳಾಸ ಹಿಡಿದಿಡುವ ಪಾಯಿಂಟರ್ ಪಟ್ಟಿಗೆ ಮಾತ್ರ ಎರಡು ಬೇಕು, ನಕ್ಷತ್ರ ಚಿಹ್ನೆಯ ಹಿಂದೊಂದು, ಮುಂದೊಂದು. ಎರಡನೆಯದು ಹೊಳೆಯುವಷ್ಟರಲ್ಲಿ ಕಾಕಾ ಊಟ ಮುಗಿಸಿ ಬಂದಿದ್ದರು.

ಕೊನೆಗೆ ಅಪ್‌ಲೋಡ್ ಕೊಟ್ಟರೆ "ಪ್ರೋಗ್ರಾಮರ್ ಉತ್ತರಿಸುತ್ತಿಲ್ಲ". ಹೊಸ ಆರ್ಡುಯಿನೋ ತಂತ್ರಾಂಶದಲ್ಲಿ ನ್ಯಾನೋ ಆರಿಸಿದರೆ ಅದು ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಮಾತಾಡುತ್ತದೆ, ನನ್ನ ನಕಲು ಬೋರ್ಡಿನ ಬೂಟ್‌ಲೋಡರಿಗೆ (ಪ್ರೋಗ್ರಾಮ್ ಬರಮಾಡಿಕೊಳ್ಳುವ ಪುಟ್ಟ ಕೋಡ್) ಗೊತ್ತಿರುವುದು 57600. ಟೂಲ್ಸ್ ಮೆನುವಿನ ಪ್ರೊಸೆಸರ್ ಪಟ್ಟಿಯಲ್ಲಿ ಓಲ್ಡ್ ಬೂಟ್‌ಲೋಡರ್ ಆರಿಸಿದೆ. ಆರ್‌ಎಕ್ಸ್, ಟಿಎಕ್ಸ್ ದೀಪಗಳು ಪಟಪಟ ಮಿಣುಕಿದವು.

ವಾಲ್ವ್ ನಡೆಸುವ ಸ್ವಿಚ್ಚಾದ ರಿಲೇ ಟಕ್ ಅಂದದ್ದೇ ಕಾಕಾ ಎದ್ದು ನಿಂತರು. ಅವರ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಮಾರ್ಕರಿನಿಂದ 57600 ಎಂದು ಬರೆದು ಸ್ಕ್ರೂ ಬಿಗಿದೆ.