ಅಪ್ಪನ ತಮಿಳು, ಅಮ್ಮನ ಕನ್ನಡ: ಎರಡನ್ನೂ ಕೂಡಿಸಿ ಎಣಿಸಿ

ಮೈಸೂರಿನ ನಮ್ಮ ಮನೆಯಲ್ಲಿ ಮಗಳ ಜೊತೆ ನಾನೂ ನಮ್ಮಮ್ಮನೂ ಕನ್ನಡ, ಅವಳಪ್ಪ ತಮಿಳು. ಹುಟ್ಟಿದಾಗಿನಿಂದ ಹೀಗೇ.

ಎರಡು ವರ್ಷದ ಹೊತ್ತಿಗೆ ಸುಮಾರು 50 ಪದ, ಎರಡೆರಡು ಪದ ಜೋಡಿಸಿದ ಮಾತು ಬರಬೇಕು. ಹೆಚ್ಚಿನವರು ಎಡವೋದು ಇಲ್ಲೇ: ಕನ್ನಡದ ಪದಗಳನ್ನಷ್ಟೇ ಎಣಿಸಿ ‘ಮಾತು ತಡ’ ಅಂದುಬಿಡ್ತಾರೆ. ನಾವು ಫ್ರಿಜ್ ಬಾಗಿಲಿಗೆ ಹಾಳೆ ಅಂಟಿಸಿ, ಎರಡು ಕಾಲಂ ಮಾಡಿ, ಭಾನುವಾರ ಭಾನುವಾರ ಬರೆದೆವು. ಮಮ್ಮು, ತಾಚಿ, ಅಂಬಾ ಎಲ್ಲವೂ ಪದವೇ. ಒಂದೇ ಸದ್ದನ್ನು ಒಂದೇ ವಸ್ತುವಿಗೆ ತಾನಾಗಿ ಮತ್ತೆ ಮತ್ತೆ ಬಳಸಿದರೆ ಸಾಕು, ಉಚ್ಚಾರ ಸರಿ ಇರಬೇಕಿಲ್ಲ. ಹೇಳಿಕೊಟ್ಟ ಕೂಡಲೇ ಗಿಳಿಯ ಹಾಗೆ ಒಪ್ಪಿಸಿದ್ದು ಮಾತ್ರ ಲೆಕ್ಕಕ್ಕಿಲ್ಲ. ಕನ್ನಡದಲ್ಲಿ 30, ತಮಿಳಲ್ಲಿ 25 ಇದ್ದರೆ 55 ಅಂತಲೇ ಹಿಡಿಯಬೇಕು.

ಹಾಲು–ಪಾಲ್, ಹೂ–ಪೂ, ಹಲ್ಲು–ಪಲ್ಲು: ಹಳಗನ್ನಡದ ಪಕಾರ ಕನ್ನಡದಲ್ಲಿ ಹಕಾರವಾಗಿ, ತಮಿಳಲ್ಲಿ ಪಕಾರವಾಗೇ ಉಳಿದ ಕಡೆಯೆಲ್ಲ ಮಗು ತಡಕಾಡುತ್ತೆ. ‘ಪಾಲು ಬೇಕು’ ಅಂದಾಗ ‘ಅಲ್ಲ, ಹಾಲು ಅನ್ನು’ ಅಂತ ತಿದ್ದಿದರೆ ಹಾಲಿನ ಮಾತು ಹೋಗಿ ಪರೀಕ್ಷೆಯಾಗುತ್ತೆ, ಮಗು ಸುಮ್ಮನಾಗುತ್ತೆ. ನಾನು ‘ಹಾಲು ಬೇಕಾ ಪುಟ್ಟಿ? ತಗೋ ಹಾಲು. ಹಾಲು ಬೆಚ್ಚಗಿದೆ’ ಅಂತ ಸರಿಯಾದ ಪದವನ್ನು ಮೂರು ಸಲ ಕಿವಿಗೆ ಹಾಕ್ತಿದ್ದೆ. ‘ಇದೇನು? ಅದೇನು?’ ಅಂತ ಒಂದೇ ಸಮ ಕೇಳೋದಕ್ಕಿಂತ, ಒಂದು ಮಾತಾಡಿ ಮನಸ್ಸಲ್ಲೇ ಐದು ಎಣಿಸೋವರೆಗೆ ಕಾಯೋದು ಮೇಲು. ಕಷ್ಟ ಅದು. ನಮ್ಮಮ್ಮ ಎರಡು ಎಣಿಸೋದರೊಳಗೆ ಉತ್ತರ ತಾವೇ ಹೇಳಿಬಿಡ್ತಿದ್ದರು.

ಮೈಸೂರಲ್ಲಿ ಕನ್ನಡಕ್ಕೆ ಬರವಿಲ್ಲ. ದೇವರಾಜ ಮಾರುಕಟ್ಟೆಯ ಹೂವಿನವರು, ಎದುರುಮನೆ ಮಕ್ಕಳು, ಎಲ್ಲರೂ ಕಲಿಸ್ತಾರೆ. ಸೊರಗೋದು ತಮಿಳು, ಅದೂ ಪ್ಲೇಸ್ಕೂಲಿಗೆ ಹಾಕಿದ ಮೇಲೆ. ಅಪ್ಪ ತಮಿಳಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರ ಬರತೊಡಗುತ್ತೆ. ಆಗ ಅಪ್ಪನೂ ಕನ್ನಡಕ್ಕೆ ತಿರುಗಿದರೆ ಮುಗೀತು. ಇವರು ತಿರುಗಲಿಲ್ಲ, ಹಾಗಂತ ‘ತಮಿಳಲ್ಲೇ ಹೇಳು’ ಅಂತ ಹಟವನ್ನೂ ಹಿಡಿಯಲಿಲ್ಲ. ಸ್ನಾನ, ರಾತ್ರಿ ಊಟ, ಮಲಗೋ ಮುಂಚಿನ ಪುಸ್ತಕ ಮೂರನ್ನೂ ಅವರೇ ವಹಿಸಿಕೊಂಡರು. ದಿನಕ್ಕೆ ಒಂದೂವರೆ ಗಂಟೆ ಸಿಕ್ಕಿತು. ತಮಿಳು ಕಾರ್ಟೂನ್ ಹಾಕಿ ಕೂರಿಸಿದ್ದು ಪ್ರಯೋಜನಕ್ಕೆ ಬರಲಿಲ್ಲ. ಟೀವಿ ಮಗುವಿನ ಮಾತಿಗೆ ಕಾಯೋದೂ ಇಲ್ಲ, ಉತ್ತರ ಕೊಡೋದೂ ಇಲ್ಲ. ಕನ್ನಡ ಬಾರದ ಪಾಟಿಯ (ತಮಿಳಲ್ಲಿ ಅಜ್ಜಿ) ಜೊತೆ ದಿನಾ ವಿಡಿಯೋ ಕಾಲ್ ಫಲ ಕೊಟ್ಟಿತು. ತಮಿಳಿಲ್ಲದೆ ಅಲ್ಲಿ ಮಾತು ಮುಂದೆ ಹೋಗೋದೇ ಇಲ್ಲವಲ್ಲ.

‘ಎರಡು ಭಾಷೆಯಿಂದ ಗೊಂದಲ, ಒಂದನ್ನು ಬಿಡಿ’ ಅನ್ನೋ ಸಲಹೆ ಶಾಲೆಯಿಂದಲೂ ಬಂತು. ದಯವಿಟ್ಟು ಬಿಡಬೇಡಿ. ಎರಡು ಭಾಷೆಯಿಂದ ಮಾತಿನ ತೊಂದರೆ ಹುಟ್ಟೋದಿಲ್ಲ. ನಿಜವಾದ ತೊಂದರೆ ಇದ್ದರೆ ಎರಡರಲ್ಲೂ ಕಾಣುತ್ತೆ. ವರ್ಷ ತುಂಬಿದರೂ ‘ಬಬಬ, ದದದ’ ಅನ್ನದಿದ್ದರೆ, ಹೆಸರು ಕೂಗಿದರೆ ತಿರುಗದಿದ್ದರೆ, ಎರಡು ವರ್ಷಕ್ಕೆ ಯಾವ ಭಾಷೆಯಲ್ಲೂ ಎರಡು ಪದ ಜೋಡಿಸದಿದ್ದರೆ, ಬಂದ ಮಾತು ನಿಂತುಹೋದರೆ, ‘ನಿಧಾನವಾಗಿ ಬರುತ್ತೆ ಬಿಡು’ ಅಂತ ಕೂರಬೇಡಿ. ಮೊದಲು ಕಿವಿ ಪರೀಕ್ಷೆ ಆಗಲಿ. ಮೈಸೂರಿನ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹೋಗುವಾಗ ಎರಡು ಕಾಲಂನ ಆ ಹಾಳೆ ಕೈಯಲ್ಲಿರಲಿ, ಇನ್ನೊಂದು ಭಾಷೆ ಆಡುವವರೂ ಜೊತೆಗಿರಲಿ.