ಕಾಂಗ್ರೆಸ್ ಗಿಡದ ತುರಿಕೆಗೆ ಮನೆಮದ್ದು ಹಚ್ಚುವ ಮುನ್ನ

ಆತ್ಮೀಯರೇ, ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಹೊಲದ ಬದುವಿನ ಕಾಂಗ್ರೆಸ್ ಗಿಡವನ್ನು ಬರಿಗೈಯಲ್ಲಿ ಕೀಳುವವರಿಗೆ ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ದದ್ದು ಏಳುವುದಕ್ಕೆ ಆ ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕವೇ ಮುಖ್ಯ ಕಾರಣವಾದ್ದರಿಂದ, ಯಾವುದೇ ಮದ್ದಿಗಿಂತ ಮೊದಲು ಸೋಪು ಹಚ್ಚಿ ಮೈ ತೊಳೆದು, ತೊಟ್ಟ ಬಟ್ಟೆಯನ್ನು ಒಗೆಯಲು ಹಾಕಬೇಕು.

ಮನೆಮದ್ದುಗಳಲ್ಲಿ ನಾನು ಹೆಚ್ಚು ನಂಬುವುದು ತೆಂಗಿನೆಣ್ಣೆಯನ್ನು. ಇಸುಬು ಇದ್ದ ಮಕ್ಕಳ ಮೇಲೆ ಫಿಲಿಪ್ಪೀನ್ಸ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 8 ವಾರ ವರ್ಜಿನ್ (ಹಸಿ ತೆಂಗಿನಕಾಯಿಯಿಂದ ತೆಗೆದ) ತೆಂಗಿನೆಣ್ಣೆ ಹಚ್ಚಿದವರಿಗೆ ಖನಿಜ ತೈಲ (ಬೇಬಿ ಆಯಿಲ್‌ನಂಥ ಎಣ್ಣೆ) ಹಚ್ಚಿದವರಿಗಿಂತ ಹೆಚ್ಚು ಗುಣ ಕಂಡಿತ್ತು. ಆದರೆ ಅದು ಚರ್ಮದ ತೇವವನ್ನು ಕಾಯುತ್ತದೆಯೇ ಹೊರತು ಕಾಂಗ್ರೆಸ್ ಗಿಡದ ಅಲರ್ಜಿಯನ್ನು ವಾಸಿ ಮಾಡುವುದಿಲ್ಲ.

ಲೋಳೆಸರ ತಂಪು ನೀಡುತ್ತದೆ ನಿಜ. ಆದರೆ ಎಲೆ ಕೊಯ್ದೊಡನೆ ಸಿಪ್ಪೆಯಡಿಯಿಂದ ಒಸರುವ ಹಳದಿ ರಸವೇ ಉರಿ ತರಬಲ್ಲದಾದ್ದರಿಂದ, ಕೊಯ್ದ ಬುಡ ಕೆಳಗಾಗುವಂತೆ ಎಲೆಯನ್ನು ನಿಲ್ಲಿಸಿ, ರಸವೆಲ್ಲ ಸೋರಿದ ಮೇಲೆ ತೊಳೆದು, ಒಳಗಿನ ತಿಳಿ ಲೋಳೆಯನ್ನು ಮಾತ್ರ ಬಳಸಬೇಕು. ಬೇವು, ಅರಿಶಿನಗಳ ಗುಣ ಪ್ರಯೋಗಾಲಯದಲ್ಲಿ ಕಂಡಿದೆಯಾದರೂ ಕೆಲವರಿಗೆ ಅವುಗಳಿಂದಲೇ ಅಲರ್ಜಿಯಾಗುತ್ತದೆ; ಮುಂಗೈ ಒಳಭಾಗಕ್ಕೆ ಚೂರು ಹಚ್ಚಿ ಎರಡು ದಿನ ನೋಡಿರಿ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗಂತೂ ಹೋಗಲೇಬೇಡಿ, ಬೊಬ್ಬೆ ಏಳಬಹುದು. ಕೀವು, ಜ್ವರ ಅಥವಾ ಮುಖದ ಊತ ಕಂಡರೆ ತಡಮಾಡದೆ ಚರ್ಮರೋಗ ವೈದ್ಯರನ್ನು ಕಾಣಿರಿ.